ನೀರೊಲ್ಲದವ್ವನ ದಿಣ್ಣೆ

ತೂಬಿನಹಳ್ಳಿಯ ಕೆರೆ ಏರಿಯ ಮೇಲೆ ನಿಂತು ಮೂಡಲಿಗೆ ನೋಡಿದರೆ ಅಚ್ಚುಕಟ್ಟಿನ ಹಸಿರಿನ ನಡುವೆ ಹಳದಿಯ ಒಂದು ದಿಣ್ಣೆ ಕಾಣುತ್ತದೆ. ಎತ್ತರವೇನೂ ಹೆಚ್ಚಿಲ್ಲ, ಮೂರಾಳು ಇದ್ದರೆ ಹೆಚ್ಚು. ಸುತ್ತ ಕಾಲಿಟ್ಟರೆ ಹೂತುಹೋಗುವ ಎರೆಮಣ್ಣಿನ ಗದ್ದೆ. ದಿಣ್ಣೆ ಮಾತ್ರ ಬರೀ ಗರಸು, ಸಣ್ಣ ಕಲ್ಲಿನ ನೆಲ. ಅದರ ಮೈತುಂಬ ತಂಗಡಿ ಗಿಡ. ಕೆಲವು ಸೀಮೆಯಲ್ಲಿ ಇದನ್ನೇ ಆವರಿಕೆ ಎನ್ನುತ್ತಾರೆ. ವರ್ಷವಿಡೀ ಎಲೆ ಹೊತ್ತಿರುವ, ಎದೆಮಟ್ಟದ ಪೊದೆ. ಬಿಸಿಲು ಎಷ್ಟು ಕಾದರೂ ಎಲ್ಲೋ ಒಂದು ಗೊಂಚಲು ಹಳದಿ ಹೂ ಇದ್ದೇ ಇರುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವನು ತಂಗಡಿಯನ್ನು ನೋಡಿರಲಿಕ್ಕಿಲ್ಲ, ಏಕೆಂದರೆ ನಮ್ಮೂರಿನ ಆಡುಗಳು ಇದನ್ನು ಮೂಸಿ ಮುಂದೆ ಹೋಗುತ್ತವೆ. ದಿಣ್ಣೆಯ ನೆತ್ತಿಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿದೆ. ಅದಕ್ಕೆ ಗುಡಿಯಿಲ್ಲ, ಕಣ್ಣುಮೂಗು ಬಿಡಿಸಿಲ್ಲ, ಪೂಜಾರಿಯಿಲ್ಲ. ಆ ಕಲ್ಲೇ ನೀರೊಲ್ಲದವ್ವ. ಬೇರೆ ದೇವರಿಗೆ ಅಭಿಷೇಕವಾಗದೆ ದಿನ ಕಳೆಯುವುದಿಲ್ಲ. ಈ ಅವ್ವನ ಮೇಲೆ ಇಲ್ಲಿಯವರೆಗೆ ಯಾರ ಕೈಯಿಂದಲೂ ಒಂದು ಹನಿ ಬಿದ್ದಿಲ್ಲ. ಮಳೆಯಲ್ಲಿ ಕಲ್ಲು ನೆನೆಯುವುದಿಲ್ಲವೇ ಎಂದು ಜಾಣರು ಕೇಳುತ್ತಾರೆ. ನೆನೆಯುತ್ತದೆ. ಆದರೆ ಮಳೆ ಯಾರೂ ಕೊಡ ಹೊತ್ತು ತಂದು ಸುರಿಯುವಂಥದಲ್ಲ. ಮೊನ್ನೆ ಹೊರಗಿನಿಂದ ಬಂದವರೊಬ್ಬರು ಭಕ್ತಿ ಉಕ್ಕಿ ಬಾಟಲಿಯ ಮುಚ್ಚಳ ತೆಗೆದರು. ನಾನು ಓಡಿಹೋಗಿ ಕೈ ಹಿಡಿದು ಗದರಿಸಬೇಕಾಯಿತು. ಇಪ್ಪತ್ತೊಂಬತ್ತು ವರ್ಷ ಇದೇ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದವನು ನಾನು, ಗದರಿಸುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಅವರು ಮುಖ ಸಣ್ಣಗೆ ಮಾಡಿಕೊಂಡು, "ಹಾಗಾದ್ರೆ ಈ ಅಮ್ಮ ಯಾವುದಕ್ಕೆ ಒಳ್ಳೇದು ಮೇಷ್ಟ್ರೇ, ಮದುವೆಗಾ, ಸಂತಾನಕ್ಕಾ?" ಎಂದರು. ಯಾವುದಕ್ಕೂ ಅಲ್ಲ ಎಂದೆ. ಈ ಅವ್ವ ವರ ಕೊಡುವುದಿಲ್ಲ, ಇವಳಿಗೆ ಯಾರೂ ಹರಕೆ ಹೊರುವುದೂ ಇಲ್ಲ. ಏಕೆ ಎಂಬುದನ್ನು ನನ್ನ ಅಜ್ಜಿ ಹೇಳಿದಂತೆ ಬರೆಯುತ್ತೇನೆ.

ಹಿಂದೆ ಒಮ್ಮೆ, ಪಾಳೆಯಗಾರರು ಈ ಸೀಮೆಯನ್ನು ಆಳುತ್ತಿದ್ದ ಕಾಲದಲ್ಲಿ, ತೂಬಿನಹಳ್ಳಿಯಲ್ಲಿ ಮುದ್ದನೆಂಬ ನೀರುಗಂಟಿ ಇದ್ದನಂತೆ. ಕೆರೆಯ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಯಾವ ಹೊತ್ತು ನೀರು ಎಂದು ಸರದಿ ನಡೆಸುವುದು ನೀರುಗಂಟಿಯ ಕೆಲಸ. ಗೌಡನೇ ಬಂದು ಗದರಿದರೂ ಮುದ್ದ ಸರದಿ ತಪ್ಪಿಸಿದವನಲ್ಲ ಎನ್ನುತ್ತಾರೆ. ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು ಮಾಳವ್ವ. ತೂಬಿನಹಳ್ಳಿಯವರಿಗೆ ಆಗ ನೀರೆಂದರೆ ಎಲ್ಲಕ್ಕೂ ಮದ್ದು. ಬಂದವರಿಗೆ ಮೊದಲು ನೀರು, ಜಗಳಕ್ಕೆ ನಿಂತವರಿಗೆ ನೀರು, ಅಳುವ ಮಗುವಿನ ನೆತ್ತಿಗೂ ನೀರು. ಯಾವುದಾದರೂ ಬಾಡಿದ್ದು ಕಂಡರೆ ಕೈ ತಾನಾಗಿ ಕೊಡಕ್ಕೆ ಹೋಗುತ್ತಿತ್ತು. ಇಂಥ ಊರಿಗೆ ಮನೆಅಳಿಯನಾಗಿ ಬಂದವನು ಓಬಳ. ಅವನ ಊರು ಮೂರು ಗಾವುದ ದೂರದ ಬೋರನಗುಡ್ಡ. ಅಲ್ಲಿ ಕಾಲ ಕೆಳಗೆ ಕಲ್ಲು, ತಲೆಯ ಮೇಲೆ ಬಿಸಿಲು, ಕುಡಿಯುವ ನೀರಿಗೆ ಬಂಡೆಯ ಬಿರುಕಿನಲ್ಲಿ ಜಿನುಗುವ ಒಂದು ದೊಣೆ. ಗಿಡಕ್ಕೆ ನೀರು ಹೊಯ್ಯುವವನನ್ನು ಕಂಡಿದ್ದರೆ ಬೋರನಗುಡ್ಡದವರು ಇವನ ತಲೆ ನೆಟ್ಟಗಿಲ್ಲ ಎಂದು ಹಿಡಿದು ಕಟ್ಟಿಹಾಕುತ್ತಿದ್ದರು. ಓಬಳ ಬಂದ ಹೊಸದರಲ್ಲಿ ತಂಬಿಗೆಯ ತಳದಲ್ಲಿ ಉಳಿದ ಗುಟುಕನ್ನೂ ಚೆಲ್ಲದೆ ಕುಡಿದು ಮುಗಿಸುವುದನ್ನು ನೋಡಿ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರಂತೆ. ಮಾಳವ್ವ ನಗುತ್ತಿರಲಿಲ್ಲ, ಇನ್ನೊಂದು ತಂಬಿಗೆ ತಂದಿಡುತ್ತಿದ್ದಳು.

ಓಬಳನದು ತೊಗಲಿನ ಕಸುಬು. ತೋಟದ ಬಾವಿಗಳಿಗೆ ಕಪಿಲೆಯ ಬಾನಿ ಹೊಲಿಯುತ್ತಿದ್ದ. ಬಾವಿಯಿಂದ ಎತ್ತುಗಳು ಎಳೆದು ತರುವ ಆ ದೊಡ್ಡ ತೊಗಲ ಚೀಲ ವರ್ಷಗಟ್ಟಲೆ ನೀರಿನಲ್ಲಿ ಅದ್ದಿದರೂ ಕೊಳೆಯಬಾರದೆಂದರೆ ತೊಗಲನ್ನು ತಂಗಡಿ ಚಕ್ಕೆಯ ಕಷಾಯದಲ್ಲಿ ಹದ ಮಾಡಬೇಕು. ಚಕ್ಕೆಯ ಹೊರೆ ಬೋರನಗುಡ್ಡದಿಂದಲೇ ಬರುತ್ತಿತ್ತು. ಅದರ ಜೊತೆಯಲ್ಲಿ ಬಂದ ಒಣಗಿದ ಕಾಯಿಯೊಂದನ್ನು ಒಡೆದು, ಓಬಳ ಊರಾಚೆಯ ಗರಸಿನ ದಿಣ್ಣೆಯ ಮೇಲೆ ಬೀಜ ಎರಚಿದ. ಒಂದೇ ಒಂದು ಬೀಜ ಹಿಡಿಯಿತು. ಎರಡನೆಯ ವರ್ಷ ಅದು ಹೂಬಿಟ್ಟಾಗ ಮೊದಲ ಗೊಂಚಲನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ತಂದು ಹೆಂಡತಿಯ ಮುಡಿಗಿಟ್ಟನಂತೆ. ವಾಸನೆಯಿಲ್ಲದ ಹೂವನ್ನು ಯಾರು ಮುಡಿಯುತ್ತಾರೆ ಎಂದು ಓಣಿಯವರು ಚುಡಾಯಿಸಿದರು. ಮಾಳವ್ವ ಅದು ಬಾಡಿ ಉದುರುವವರೆಗೂ ತೆಗೆಯಲಿಲ್ಲ. ಇಬ್ಬರೂ ಸಂಜೆಯ ಹೊತ್ತು ದಿಣ್ಣೆಯ ಮೇಲೆ ಕುಳಿತಿರುತ್ತಿದ್ದರು, ಏನು ಮಾತಾಡುತ್ತಿದ್ದರೋ ಯಾರಿಗೆ ಗೊತ್ತು. ಅವರು ಹಾಗೆ ಕುಳಿತದ್ದು ಒಟ್ಟು ಮೂರು ವರ್ಷ.

ಮೂರನೆಯ ವರ್ಷದ ದಸರೆ ಕಳೆದ ಮೇಲೆ ಪಾಳೆಯಗಾರ ನೆರೆಯ ಪಾಳೆಯದ ಮೇಲೆ ದಂಡು ಹೊರಡಿಸಿದ. ದಂಡಿಗೆ ನೀರು ಹೊರುವ ತೊಗಲ ಚೀಲ ಬೇಕು, ಕಾಲಿಗೆ ಎಕ್ಕಡ ಬೇಕು, ಗುರಾಣಿಗೆ ತೊಗಲು ಬೇಕು. ಆದ್ದರಿಂದ ತೊಗಲಿನ ಕೆಲಸ ಬಲ್ಲವರೆಲ್ಲ ಹೊರಡಬೇಕೆಂದು ತಮಟೆ ಬಡಿದು ಸಾರಿದರು. ಬುತ್ತಿ ಕಟ್ಟುವಷ್ಟೂ ಹೊತ್ತು ಕೊಡಲಿಲ್ಲ. ಓಬಳ ಆಗ ದಿಣ್ಣೆಯ ಮೇಲಿದ್ದ. ಮಾಳವ್ವ ಓಡಿಹೋಗಿ ಸುದ್ದಿ ಮುಟ್ಟಿಸಿದಳು. ಹೊರಡುವವನು ಏನಾದರೊಂದು ಧೈರ್ಯ ಹೇಳಿ ಹೊರಡಬೇಕಲ್ಲವೆ? ತಾನು ಕಂಡ ವಸ್ತುಗಳಲ್ಲೆಲ್ಲ ಅತಿ ಗಟ್ಟಿ ಜೀವ ಯಾವುದೋ ಅದನ್ನೇ ಓಬಳ ಆರಿಸಿಕೊಂಡ. ತಂಗಡಿ ಗಿಡ ಸತ್ತದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕಡಿದರೆ ಚಿಗುರುತ್ತದೆ, ಸುಟ್ಟರೆ ಚಿಗುರುತ್ತದೆ, ಬರ ಬಿದ್ದರೆ ಇನ್ನಷ್ಟು ಹೂಬಿಡುತ್ತದೆ. ಅವನು ಗಿಡದ ಮೇಲೆ ಕೈಯಿಟ್ಟು ಹೇಳಿದ ಮಾತು ಹೀಗಿತ್ತು ಎನ್ನುತ್ತಾರೆ: "ಅಳಬ್ಯಾಡ ಕಣೆ ಮಾಳಿ. ನನ್ನ ಜೀವ ಈ ಗಿಡದಾಗೆ ಇಟ್ಟು ಹೋಗ್ತಾ ಇದೀನಿ. ಇದು ಹಸುರಾಗಿರೋ ಗಂಟ ನಾನು ಎಲ್ಲಿದ್ರೂ ಚೆನ್ನಾಗೈದೀನಿ ಅಂತ ತಿಳ್ಕ. ಇದನ್ನ ನೋಡ್ಕಂಡಿರು." ನೋಡಿಕೊಂಡಿರು ಎಂದನೇ ಹೊರತು ಹೇಗೆ ನೋಡಿಕೊಳ್ಳಬೇಕೆಂದು ಹೇಳಲಿಲ್ಲ. ನೀರು ಹೊಯ್ಯಬೇಡ ಎಂದು ಹೇಳಬೇಕಾಗುತ್ತದೆಂದು ಬೋರನಗುಡ್ಡದವನಿಗೆ ಹೊಳೆಯುವುದಾದರೂ ಹೇಗೆ? ಬೆಂಕಿಗೆ ಕೈ ಹಾಕಬೇಡ ಎಂದು ಬೆಳೆದ ಹೆಂಗಸಿಗೆ ಯಾರಾದರೂ ಹೇಳಿ ಹೋಗುತ್ತಾರೆಯೆ?

ಮೊದಲ ವರ್ಷ ಮಾಳವ್ವ ಗಿಡವನ್ನು ಬರಿದೇ ನೋಡಿಕೊಂಡೇ ಇದ್ದಳು. ಬೆಳಗ್ಗೆ ಎದ್ದು ದಿಣ್ಣೆಗೆ ಹೋಗಿ ಹೂ ಕಂಡು ಬಂದ ಮೇಲೆಯೇ ಒಲೆ ಹಚ್ಚುತ್ತಿದ್ದಳು. "ಇವತ್ತು ಏಳು ಗೊಂಚಲು ಐತೆ" ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಗಂಡನಿಂದ ಓಲೆ ಬಂದವಳ ಹಾಗೆ ಹೇಳುತ್ತಿದ್ದಳು. ಮುಂದಿನ ಮಳೆಗಾಲದೊಳಗೆ ಮುಗಿಯುತ್ತದೆಂದು ಹೊರಟ ದಂಡು ಹಿಂದಿರುಗಲಿಲ್ಲ. ಮರುವರ್ಷದ ಬೇಸಗೆ ಬಲು ಬಿರುಸಾಗಿತ್ತು. ಅಂಥ ಬಿಸಿಲಿನಲ್ಲಿ ತಂಗಡಿ ಒಂದಷ್ಟು ಎಲೆ ಉದುರಿಸಿ, ಉಳಿದ ಎಲೆಯನ್ನು ಬಿಗಿಹಿಡಿದು ಕೂರುತ್ತದೆ. ಅದು ಅದರ ಬದುಕುವ ರೀತಿ. ಬೋರನಗುಡ್ಡದ ಎಳೆಮಗುವಿಗೂ ಗೊತ್ತಿರುವ ಈ ಸಂಗತಿ ನೀರುಗಂಟಿಯ ಮಗಳಿಗೆ ಗೊತ್ತಿರಲಿಲ್ಲ. ಉದುರಿದ ಎಲೆ ಕಂಡು ಗಂಡನಿಗೇನೋ ಆಗಿದೆ ಎಂದುಕೊಂಡಳು. ಆ ಮಧ್ಯಾಹ್ನವೇ ಕೆರೆಯಿಂದ ಒಂದು ಕೊಡ ನೀರು ಹೊತ್ತು ತಂದು ಬುಡಕ್ಕೆ ಸುರಿದಳು. ನಾಲ್ಕು ದಿನದಲ್ಲಿ ಗಿಡ ಎಳೆ ಚಿಗುರು ಬಿಟ್ಟಿತು. ಮಾಳವ್ವ ಆ ದಿನ ಓಣಿಗೆಲ್ಲ ಬೆಲ್ಲ ಹಂಚಿದಳಂತೆ. ಇದನ್ನು ಹೇಳುವಾಗ ನನ್ನ ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು, ನನಗೂ ಈ ಸಾಲು ಬರೆಯುವುದು ಕಷ್ಟವಾಗುತ್ತಿದೆ.

ಮತ್ತೆ ನಿಲ್ಲಿಸುವುದುಂಟೆ? ದಿನಕ್ಕೊಂದು ಕೊಡ ಎರಡಾಯಿತು. ನೀರು ಗರಸಿನಲ್ಲಿ ನಿಲ್ಲದೆ ಇಂಗಿಹೋಗುತ್ತದೆಂದು ಕೆರೆಯ ತಳದ ಜಿಗುಟು ಹೂಳನ್ನು, ಗೋಡನ್ನು, ಬುಟ್ಟಿಯಲ್ಲಿ ಹೊತ್ತು ತಂದು ಸುತ್ತ ಕಟ್ಟಿ ಪಾತಿ ಮಾಡಿದಳು. ಕೊಟ್ಟಿಗೆ ಗೊಬ್ಬರ ಹಾಕಿದಳು. ಬಿಸಿಲು ತಾಗದಿರಲೆಂದು ನಾಲ್ಕು ಗೂಟ ನೆಟ್ಟು ಗರಿಯ ಚಪ್ಪರ ಹಾಕಿದಳು. ಗಿಡ ದಪ್ಪಗೆ, ಕಪ್ಪು ಹಸುರಾಗಿ, ಉದ್ದುದ್ದ ಬೆಳೆಯಿತು, ಹೂ ಮಾತ್ರ ನಿಂತುಹೋಯಿತು. ಕಲ್ಲು, ಬಿಸಿಲು, ಬರಗಾಳಿ ಇವೇ ಅದರ ಊಟ. ಅವನ್ನು ತಪ್ಪಿಸಿ ಹಾಲನ್ನ ಉಣಿಸಿದರೆ ಅದು ಯಾವ ಹೂ ಬಿಟ್ಟೀತು? ಹೂವಿಲ್ಲದ್ದು ಕಂಡು ಮಾಳವ್ವ, ಅಲ್ಲೆಲ್ಲೋ ಗಂಡ ಹಾಸಿಗೆ ಹಿಡಿದಿದ್ದಾನೆ ಎಂದುಕೊಂಡಳು. ಹೆದರಿಕೆ ಹೆಚ್ಚಿದಂತೆಲ್ಲ ಕೊಡಗಳೂ ಹೆಚ್ಚಿದವು. ಸೊಂಟ ನೋಯುವಷ್ಟು ನೀರು ಹೊರುವ ಮಗಳನ್ನು ನೋಡಲಾರದೆ ಮುದ್ದ ತನ್ನ ಜೀವಮಾನದಲ್ಲಿ ಮೊದಲ ಸಲ ಸರದಿ ತಪ್ಪಿಸಿದ. ಊರೆಲ್ಲ ಉಂಡು ಒರಗಿದ ಹೊತ್ತು ನೋಡಿ ತೂಬು ಎತ್ತಿ, ದಿಣ್ಣೆಯ ಬುಡದವರೆಗೆ ಒಂದು ಕಿರುಗಾಲುವೆ ಹಾಯಿಸಿದ. ಮಗಳು ಅಲ್ಲಿಂದ ಮೊಗೆದು ಮೇಲಕ್ಕೆ ಹೊರುತ್ತಿದ್ದಳು. ಗೌಡನಿಗೂ ತಿಳಿಯಿತು, ಅವನೂ ಕಾಲುವೆ ಮುಚ್ಚಿಸಲಿಲ್ಲ. ಊರಿಗೆ ಊರೇ ಸೇರಿ ಆ ಗಿಡಕ್ಕೆ ಒಳ್ಳೆಯದನ್ನೇ ಬಯಸಿತು, ಅದೇ ಅದಕ್ಕೆ ಮುಳುವಾಯಿತು. ಮೂರನೆಯ ವರ್ಷ ಮಳೆ ಹಿಡಿದು ಹುಯ್ಯಿತು, ಕೆರೆ ಕೋಡಿಬಿತ್ತು, ಗೋಡಿನ ಪಾತಿಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿತು. ಎಲೆ ಹಳದಿಗೆ ತಿರುಗಿ ಒಂದೊಂದಾಗಿ ಉದುರಿತು. ಕಾರ್ತಿಕ ಬರುವ ಹೊತ್ತಿಗೆ ದಿಣ್ಣೆಯ ಮೇಲೆ ಕಪ್ಪು ಕಡ್ಡಿಗಳು ಮಾತ್ರ ನಿಂತಿದ್ದವು.

ಯಾರೂ ಮಾಳವ್ವನಿಗೆ ಏನೂ ಹೇಳಬೇಕಾಗಲಿಲ್ಲ. ಅವಳೇ ಗಿಡದ ಮುಂದೆ ಕುಳಿತು ಬಳೆ ಒಡೆದುಕೊಂಡಳು. ಓಬಳನ ಕಡೆಯವರಿಗೆ ಸಾವಿನ ಸುದ್ದಿ ಹೋಯಿತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಬೋರನಗುಡ್ಡದಿಂದ ಬಂದವಳು ಅವನ ಸೋದರತ್ತೆ ಈರಜ್ಜಿ, ಹುಟ್ಟಿದಾಗಿನಿಂದ ತಂಗಡಿ ಚಕ್ಕೆ ಸುಲಿದು ಹೊರೆ ಹೊತ್ತು ಬದುಕಿದ ಮುದುಕಿ. ಸಾವಿನ ಸುದ್ದಿ ತಂದವರಾರು, ದಂಡಿನಿಂದ ಯಾರು ಬಂದಿದ್ದರು ಎಂದು ಕೇಳಿದಳು. ಗಿಡ ಒಣಗಿತು, ಅದೇ ಸುದ್ದಿ ಎಂದರು. ತಂಗಡಿ ಒಣಗುವುದುಂಟೆ ಎಂದು ಮುದುಕಿ ಕೋಲೂರಿಕೊಂಡು ದಿಣ್ಣೆ ಹತ್ತಿದಳು. ಪಾತಿ ನೋಡಿದಳು, ಚಪ್ಪರ ನೋಡಿದಳು, ಕಡ್ಡಿಯನ್ನು ಹಿಡಿದೆಳೆದಳು. ಅದು ಗೋಡಿನಿಂದ ಸಲೀಸಾಗಿ ಕಿತ್ತುಬಂತು. ಬೇರನ್ನು ಮೂಗಿಗೆ ಹಿಡಿದು ಅವಳು, "ಯಾರವ್ವ ಇದಕ್ಕೆ ನೀರು ಹೊಯ್ದೋರು?" ಎಂದಳು.

"ನಾನೇ ಕಣಜ್ಜಿ. ಒಂದಿನಾನೂ ತಪ್ಪಿಸಿಲ್ಲ."

"ಅಯ್ಯೋ ಬೇಕೂಫಿ, ಬೇರು ಕೊಳೆತು ನಾರ್ತಾ ಐತಲ್ಲೇ! ಕಲ್ಲಾಗೆ ಬಾಳೋ ಗಿಡಾನ ನೀರಾಗೆ ಮುಳುಗಿಸಿ ಕೊಂದಿದ್ದೀಯ. ನನ್ನ ಅಳಿಯ ಸತ್ತಿಲ್ಲ, ಎದ್ದೇಳು, ಬಳೆ ತೊಟ್ಕ!"

ಆ ಒಂದು ಮಾತು ಎರಡು ಕಿವಿಗಳಲ್ಲಿ ಎರಡು ಥರ ಬಿತ್ತು. ನೀರುಗಂಟಿ ಮುದ್ದನಿಗೆ ಹೋದ ಜೀವ ಬಂದಂತಾಯಿತು. ಗಿಡ ನೀರಿನಿಂದ ಸತ್ತಿದೆ, ಹಾಗಾದರೆ ಅಳಿಯನ ಜೀವಕ್ಕೂ ಗಿಡಕ್ಕೂ ಸಂಬಂಧವಿಲ್ಲ ಎಂದು ಅವನು ಅಲ್ಲೇ ಕುಣಿದಾಡಿದ. ಮಾಳವ್ವ ಕೊಳೆತ ಬೇರನ್ನೇ ನೋಡುತ್ತ ನಿಂತಳು. ಅವನ ಜೀವ ಆ ಗಿಡದಲ್ಲಿ ಇದೆಯೆಂದು ಅವಳು ಮೂರು ವರ್ಷ ನಂಬಿದ್ದಳು. ಆ ನಂಬಿಕೆಯಿಂದಲೇ ಉಂಡಿದ್ದಳು, ಮಲಗಿದ್ದಳು, ಎದ್ದಿದ್ದಳು. ಈಗ ಇದ್ದಕ್ಕಿದ್ದ ಹಾಗೆ ಅದು ಬರೀ ಗಿಡ ಎಂದರೆ ಹೇಗೆ ನಂಬುವುದು? ಅವಳು ಅಪ್ಪನ ಕಡೆ ತಿರುಗಿ, "ಗಿಡ ಸತ್ತಿದ್ದು ನೀರಿಂದ ಕಣಪ್ಪ. ಅವನು ಸತ್ತಿದ್ದು ಗಿಡದಿಂದ. ನಾನೇ ದಿನಾ ಒಂದೊಂದು ಕೊಡ ಹೊತ್ಕಂಡೋಗಿ ಅವನ್ನ ಕೊಂದೆ" ಎಂದಳು. ಆಮೇಲೆ ದಿಣ್ಣೆಯಿಂದ ಇಳಿಯಲಿಲ್ಲ. ಚಪ್ಪರ ಕಿತ್ತುಹಾಕಿ, ಬಿಸಿಲಲ್ಲಿ, ಬರಿ ಗರಸಿನ ಮೇಲೆ ಕುಳಿತಳು. ನೀರು ಮುಟ್ಟುವುದಿಲ್ಲ ಎಂದಳು.

ಈರಜ್ಜಿ ತನ್ನ ನಾಲಿಗೆಯನ್ನು ಶಪಿಸಿಕೊಂಡಳು. ಗೌಡ ಬಂದು ಕೈಮುಗಿದ. ಓಣಿಯ ಹೆಂಗಸರು ಗಂಜಿ ತಂದರು, ಮಜ್ಜಿಗೆ ತಂದರು, ಬಾಯಿ ಬಿಡಿಸಲು ನೋಡಿದರು. ಅವಳ ಹಲ್ಲು ಕಚ್ಚಿತ್ತು. ಕೆರೆ ಕೋಡಿಬಿದ್ದು ಹರಿಯುವ ಸದ್ದು ದಿಣ್ಣೆಯವರೆಗೂ ಕೇಳಿಸುತ್ತಿತ್ತಂತೆ. ಇಡೀ ಅಚ್ಚುಕಟ್ಟಿಗೆ ನೀರುಣಿಸಿದ ಮುದ್ದ ಮಗಳ ಮುಂದೆ ಒಂದು ತಂಬಿಗೆ ಹಿಡಿದುಕೊಂಡು ನಾಲ್ಕು ಹಗಲು ಕುಳಿತ. ಅವಳ ಬಾಯಿಗೆ ಒಂದು ಗುಟುಕು ಹೋಗಲಿಲ್ಲ.

ಐದನೆಯ ದಿನ, ಹೊತ್ತು ನೆತ್ತಿಗೆ ಬಂದಾಗ, ಏರಿಯ ಮೇಲೆ ಓಬಳ ಕಾಣಿಸಿದ. ದಂಡು ಚದುರಿ ಹದಿನೈದು ದಿನವಾಗಿತ್ತು. ಒಂದು ಕಾಲು ಕುಂಟುತ್ತಿತ್ತು, ಅಷ್ಟು ಬಿಟ್ಟರೆ ಅವನಿಗೆ ಏನೂ ಆಗಿರಲಿಲ್ಲ. ದಿಣ್ಣೆಯ ಮೇಲೆ ಜನ ಸೇರಿದ್ದು ಕಂಡು, ತನ್ನ ಗಿಡ ನೋಡಲು ಊರೇ ಬಂದಿದೆಯೆಂದು ನಗುತ್ತ ಬಂದನಂತೆ. ಹತ್ತಿರ ಬಂದವನು ಎಲ್ಲವನ್ನೂ ಒಂದೇ ನೋಟಕ್ಕೆ ಕಂಡ. ಮಾವನ ಕೈಯ ತಂಬಿಗೆ ಕಸಿದುಕೊಂಡು ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಮಾಳಿ, ನಾನು ಬಂದೀನಿ ಕಣೆ, ಕುಡಿ" ಎಂದ. ಮಾಳವ್ವ ಕಣ್ಣು ತೆರೆದಳು. ಗುರುತು ಹಿಡಿದಳು, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಸತ್ತವನು ತನ್ನನ್ನು ಕರೆದೊಯ್ಯಲು ಬಂದಿದ್ದಾನೆ ಎಂದುಕೊಂಡಳು. "ಬಂದ್ಯಾ," ಎಂದಳು, "ನೀರು ಯಾಕೆ ತಂದೆ? ನಿನ್ನ ಕೊಂದಿದ್ದು ಇದೇ ಅಲ್ವಾ. ಒಲ್ಲೆ." ತುಟಿ ಬಿಗಿದುಕೊಂಡಳು. ಅವನು ಹೊಯ್ದ ನೀರು ಮುಚ್ಚಿದ ಬಾಯಿಯ ಮೇಲಿಂದ ಕೆನ್ನೆಗಿಳಿದು ಗರಸಿನಲ್ಲಿ ಇಂಗಿತು. ಅವನು ಇನ್ನೊಂದು ಸಲ ಹೊಯ್ದ, ಮತ್ತೊಂದು ಸಲ ಹೊಯ್ದ. ಸಾಯುವವರ ಬಾಯಿಗೆ ನೀರು ಬಿಡುವುದು ಹತ್ತಿರದವರ ಕೊನೆಯ ಋಣ ಎನ್ನುತ್ತಾರೆ. ಕೈಯಲ್ಲಿ ತುಂಬಿದ ತಂಬಿಗೆ ಇದ್ದೂ ಓಬಳನಿಗೆ ಅದನ್ನು ತೀರಿಸಲಾಗಲಿಲ್ಲ.

ಕೆಲವರು ಕಥೆಯನ್ನು ಇಲ್ಲಿಗೆ ಚೆಂದಗಾಣಿಸಿ, ಓಬಳನೂ ಅಲ್ಲೇ ಪ್ರಾಣ ಬಿಟ್ಟ, ಇಬ್ಬರೂ ಜೋಡಿ ಗಿಡವಾಗಿ ಹುಟ್ಟಿದರು ಎನ್ನುತ್ತಾರೆ. ಅದು ಸುಳ್ಳು. ನನ್ನ ಅಜ್ಜಿಯ ಪ್ರಕಾರ ಅವನು ಇನ್ನೂ ನಲವತ್ತು ವರ್ಷ ಬದುಕಿದ, ಆರೋಗ್ಯವಾಗಿಯೇ ಬದುಕಿದ. ಕಲ್ಲು ನಿಲ್ಲಿಸಿದವನು ಅವನೇ. ಮಾಳವ್ವ ಹೊತ್ತಿದ್ದ ಗೋಡನ್ನು ಬುಟ್ಟಿ ಬುಟ್ಟಿಯಾಗಿ ವಾಪಸು ಕೆರೆಗೆ ಹೊತ್ತುಹಾಕಿ, ದಿಣ್ಣೆಯನ್ನು ಮತ್ತೆ ಬರೀ ಗರಸು ಮಾಡಿ, ಬೋರನಗುಡ್ಡದಿಂದ ಬೀಜ ತಂದು ಎರಚಿದ. ಈ ಸಲ ಒಂದೂ ಬಿಡದೆ ಎಲ್ಲ ಹಿಡಿದವು. ಎರಡನೆಯ ವರ್ಷಕ್ಕೆ ದಿಣ್ಣೆಗೆ ದಿಣ್ಣೆಯೇ ಹಳದಿಯಾಯಿತು. ಬೆಳಗ್ಗೆ ಎದ್ದು ಬಂದು ಅವನು ಗೊಂಚಲು ಎಣಿಸುತ್ತಿದ್ದನಂತೆ. ಎಣಿಸಿ ಏನು ಮಾಡುವುದು? ನಾನು ಚೆನ್ನಾಗಿದ್ದೇನೆ ಎಂದು ಆ ಹೂಗಳು ಹೇಳಬೇಕಾಗಿದ್ದುದು ಒಬ್ಬಳಿಗೆ, ಅವಳು ಕಲ್ಲಾಗಿದ್ದಳು. ಮುದ್ದ ತೂಬಿನ ಕೋಲನ್ನು ಗೌಡನ ಜಗಲಿಯ ಮೇಲಿಟ್ಟು ಬಂದವನು ಮತ್ತೆ ಅದನ್ನು ಮುಟ್ಟಲಿಲ್ಲ.

ಇಂದಿಗೂ ಬಂದವರು ಕಾಣುವುದು ಇಷ್ಟೇ: ಒಂದು ಕಲ್ಲು, ಅದರ ಸುತ್ತ ಯಾರೂ ಕೀಳದ ಹೂ. ಇನ್ನೊಂದು ಪದ್ಧತಿ ಮಾತ್ರ ಮದುವೆಯ ಕಾಲದಲ್ಲಿ ಬಂದವರ ಕಣ್ಣಿಗೆ ಬೀಳಬಹುದು. ತೂಬಿನಹಳ್ಳಿಗೆ ಸೊಸೆಯಾಗಿ ಬಂದ ಪ್ರತಿ ಹೆಣ್ಣೂ ಮೊದಲ ವಾರದಲ್ಲಿ ಕೆರೆಯಿಂದ ಒಂದು ಕೊಡ ನೀರು ತುಂಬಿಕೊಂಡು ದಿಣ್ಣೆ ಹತ್ತಬೇಕು. ಕಲ್ಲಿನ ಮುಂದೆ ಕೊಡ ಹೊತ್ತೇ ಒಂದಷ್ಟು ಹೊತ್ತು ನಿಲ್ಲಬೇಕು. ಆಮೇಲೆ ಒಂದು ಹನಿಯೂ ತುಳುಕದ ಹಾಗೆ ಇಳಿದುಬಂದು ನೀರನ್ನು ಕೆರೆಗೇ ಸುರಿಯಬೇಕು. ಜಾತಿ ಯಾವುದಾದರೂ ಸರಿ, ಇದನ್ನು ಬಿಟ್ಟವರಿಲ್ಲ. ಇದರಿಂದ ಸಂಸಾರಗಳು ಸುಖವಾಗಿವೆಯೆಂದು ಹೇಳಲು ನನಗೆ ಧೈರ್ಯವಿಲ್ಲ. ಎಲ್ಲ ಊರಿನಂತೆ ನಮ್ಮೂರೂ. ನಲವತ್ತಾರು ವರ್ಷದ ಹಿಂದೆ ನನ್ನ ಹೆಂಡತಿಯೂ ಕೊಡ ಹೊತ್ತು ಹತ್ತಿದ್ದಳು. ಅವಳಿಗೆ ಆಗ ಈ ಕಥೆ ಗೊತ್ತಿರಲಿಲ್ಲ, ಹೊಸ ಸೊಸೆಗೆ ಮೊದಲೇ ಹೇಳಬಾರದೆಂಬುದು ಕಟ್ಟಳೆ. ಇಳಿದುಬಂದು ನೀರನ್ನು ಕೆರೆಗೆ ಸುರಿದವಳು ಖಾಲಿ ಕೊಡ ಹಿಡಿದುಕೊಂಡು ದಿಣ್ಣೆಯ ಕಡೆಗೇ ನೋಡುತ್ತಿದ್ದಳು. ಏನಾಯಿತೆಂದು ನಾನು ಕೇಳಿದೆ. "ಏನಿಲ್ಲ," ಅಂದಳು, "ಆ ಕಲ್ಲಿಗೆ ಬಾಯಾರಿದಂಗಿತ್ತು. ಹೊಯ್ಯದೆ ಬರೋದಕ್ಕೆ ಬಲು ಕಷ್ಟ ಆಯ್ತು."